ಕೊರೆಲ್ಲಿ ಬರೆಯದೇ ಬಿಟ್ಟ ಸ್ವರಗಳು

ಇಟಲಿಯ ಪಿಟೀಲುಗಾರ, ಸಂಗೀತ ರಚನೆಕಾರ ಕೊರೆಲ್ಲಿಯ ಒಂದೇ ವಯಲಿನ್ ಸೊನಾಟಾವನ್ನು (ಹಲವು ಭಾಗಗಳಿರುವ ವಾದ್ಯಕೃತಿ) ಇಬ್ಬರು ನುಡಿಸಿದ್ದು ಕೇಳಿ. ಒಬ್ಬರದು ಉದ್ದುದ್ದ ಸ್ವರ, ಸಮಾಧಾನದ ನಡೆ. ಇನ್ನೊಬ್ಬರದು ಅದೇ ಜಾಗದಲ್ಲಿ ಸಣ್ಣ ಸ್ವರಗಳ ಸುರಿಮಳೆ. ಇಬ್ಬರ ಮುಂದೆ ಇದ್ದದ್ದು ಒಂದೇ ಕೃತಿನಾ ಅಂತ ಅನುಮಾನ ಬರುತ್ತದೆ. ಹೌದು, ಒಂದೇ. ಯಾರು ಸರಿ ಅನ್ನುವ ಜಗಳಕ್ಕೆ 300 ವರ್ಷ ಆಗಿದೆ.

ಆರ್ಕಾಂಜೆಲೊ ಕೊರೆಲ್ಲಿ ರೋಮ್‌ನಲ್ಲಿ ತನ್ನ ಓಪಸ್ 5, ಅಂದರೆ 5ನೇ ಕೃತಿಸಂಪುಟ, ಪ್ರಕಟಿಸಿದ್ದು 1700ರಲ್ಲಿ. ಒಟ್ಟು 12 ಸೊನಾಟಾ. ಮೊದಲ 6 ಚರ್ಚ್ ಮಾದರಿಯವು, ಆಮೇಲಿನ 5 ಕುಣಿತದ ಧಾಟಿಯವು, ಕೊನೆಯದು ಲಾ ಫೋಲಿಯಾ ಅನ್ನುವ ಹಳೇ ಮಟ್ಟಿನ ಮೇಲೆ ಕಟ್ಟಿದ್ದು. ಪುಟದಲ್ಲಿ ಇರುವುದು ಎರಡೇ ಸಾಲು: ಮೇಲೆ ಪಿಟೀಲಿನದು, ಕೆಳಗೆ ಮಂದ್ರದ್ದು. ಮಂದ್ರದ ಸಾಲಿಗೆ ಅಂಕಿಗಳಿವೆ, ಹಾರ್ಪ್ಸಿಕಾರ್ಡ್ ಅನ್ನುವ, ಪಿಯಾನೊಗಿಂತ ಹಳೇ ಕೀಲಿಮಣೆ ವಾದ್ಯದವರು ಅವನ್ನು ನೋಡಿ ಅಲ್ಲೇ ಸ್ವರ ತುಂಬಿಕೊಳ್ಳಬೇಕು. ವೇಗದ ಭಾಗಗಳಲ್ಲಿ ಪಿಟೀಲಿನ ಕೆಲಸ ಹೆಚ್ಚುಕಡಿಮೆ ಪೂರ್ತಿ ಬರೆದಿದೆ. ನಿಧಾನದ ಭಾಗಗಳಲ್ಲಿ ಮಾತ್ರ ಬರೀ ಹಂದರ, ಅಲಂಕಾರದ ಸ್ವರಗಳನ್ನು ನುಡಿಸುವವರೇ ತುಂಬಿಕೊಳ್ಳಬೇಕು. ಆಗಿನವರಿಗೆ ಇದು ವಿಚಿತ್ರ ಅನಿಸುತ್ತಿರಲಿಲ್ಲ. ನಮ್ಮಲ್ಲೂ ಪುಸ್ತಕದ ಸ್ವರ ಇಟ್ಟುಕೊಂಡು ಕೀರ್ತನೆ ನುಡಿಸಲು ಕೂತವರಿಗೆ ಗೊತ್ತಲ್ವಾ, ಗಮಕ ಪುಸ್ತಕದಲ್ಲಿ ಸಿಗುವುದಿಲ್ಲ.

ಗೋಜಲು ಶುರುವಾದದ್ದು 1710ರಲ್ಲಿ. ಆಮ್‌ಸ್ಟರ್‌ಡಾಮ್‌ನ ಪ್ರಕಾಶಕ ಎಸ್ಟಿಯೆನ್ ರೋಜೆ ಹೊಸ ಮುದ್ರಣ ತಂದ. ಮೊದಲ 6 ಸೊನಾಟಾಗಳ ನಿಧಾನದ ಭಾಗಗಳಲ್ಲಿ ಈಗ ಮೂರು ಸಾಲು: ಕೊರೆಲ್ಲಿಯ ಸರಳ ಸಾಲು ಹಾಗೇ ಇದೆ, ಅದರ ನೆತ್ತಿಯ ಮೇಲೆ ಇನ್ನೊಂದು ಸಾಲು, ಅದರ ತುಂಬ ಒತ್ತೊತ್ತಾಗಿ ಏರಿಳಿಯುವ ಸ್ವರಗಳು. ಇದು ಕೊರೆಲ್ಲಿ ಸ್ವತಃ ನುಡಿಸುವ ರೀತಿ ಅಂತ ಮುಖಪುಟದಲ್ಲೇ ಹಾಕಿದ್ದ. ಕೊರೆಲ್ಲಿ ಆಗಿನ್ನೂ ಬದುಕಿದ್ದ, ತೀರಿಕೊಂಡದ್ದು 1713ರಲ್ಲಿ. ಇಂಗ್ಲೆಂಡಿನ ರಾಜರ್ ನಾರ್ತ್ ಅನ್ನುವ ಸಂಗೀತಪ್ರೇಮಿ ಮಾತ್ರ ನಂಬಲಿಲ್ಲ, ಇಂಥ ಉಸ್ತಾದನ ಕೃತಿಯೊಳಗೆ ಇಷ್ಟೊಂದು ಹುಳ ಹೇಗೆ ಹೊಕ್ಕಿತು ಅಂತ ಬರೆದಿಟ್ಟ.

ಆ ಸ್ವರಗಳು ಕೊರೆಲ್ಲಿಯವೋ ಅಲ್ಲವೋ ಅನ್ನುವುದಕ್ಕಿಂತ ಆಮೇಲೆ ನಡೆದದ್ದು ನನಗೆ ಜಾಸ್ತಿ ಮುಖ್ಯ. ಅವನ ಶಿಷ್ಯ ಜೆಮಿನಿಯಾನಿ 9ನೇ ಸೊನಾಟಾಕ್ಕೆ ತನ್ನದೇ ಅಲಂಕಾರ ಮಾಡಿಕೊಂಡಿದ್ದ, ಅದು 1776ರಲ್ಲಿ ಹಾಕಿನ್ಸ್ ಬರೆದ ಸಂಗೀತದ ಇತಿಹಾಸದಲ್ಲಿ ಅಚ್ಚಾಯಿತು. ಜೆಮಿನಿಯಾನಿಯ ಶಿಷ್ಯ ಡುಬೂರ್ಗ್ ಇನ್ನೊಂದು ಥರ ಮಾಡಿದ. ಅಂದರೆ ಗುರುವಿನ ಮನೆಯಲ್ಲೇ ಯಾರೂ ಯಾರದ್ದನ್ನೂ ನಕಲು ಹೊಡೆದಿಲ್ಲ.

1800ರ ಹೊತ್ತಿಗೆ ಈ ಓಪಸ್ 40ಕ್ಕೂ ಹೆಚ್ಚು ಸಲ ಅಚ್ಚಾಗಿತ್ತು. ಮುಂದಿನ ಶತಮಾನದಲ್ಲಿ ಬರೆದದ್ದನ್ನು ಬರೆದ ಹಾಗೇ ನುಡಿಸುವುದು ಶಿಸ್ತು ಅನಿಸಿಕೊಂಡಿತು, ಹಂದರವನ್ನೇ ಮನೆ ಅಂದುಕೊಂಡರು. 20ನೇ ಶತಮಾನದಲ್ಲಿ ಕರುಳಿನ ತಂತಿ, ಹಳೇ ಕಮಾನು ಎಲ್ಲ ವಾಪಸ್ ಬಂದವು, ಅಲಂಕಾರವೂ ಬಂತು. ಆದರೆ ಎಷ್ಟೋ ಜನ 1710ರ ಮೇಲಿನ ಸಾಲನ್ನೇ ಉರು ಹೊಡೆದು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಮನೋಧರ್ಮವನ್ನು ಬಾಯಿಪಾಠ ಮಾಡಿದ ಹಾಗೆ!

7ನೆಯದರಿಂದ ಮುಂದೆ ರೋಜೆಯ ಮುದ್ರಣದ ಆಸರೆ ಇಲ್ಲ. ಅದಕ್ಕೇ ಹೊಸ ರೆಕಾರ್ಡಿಂಗ್ ಸಿಕ್ಕಿದರೆ ನಾನು ಮೊದಲು 9ನೇ ಸೊನಾಟಾದ ಶುರುವಿನ ಲಾರ್ಗೊ, ಅಂದರೆ ನಿಧಾನದ ಭಾಗ, ಹಾಕುತ್ತೇನೆ.