ದುಡಿಮೆಯ ಜಾಗದ ಅಪಾಯಗಳನ್ನು ಗುರುತಿಸುವ ಬಗೆ: ಕರಾವಳಿಯ ಉದ್ಯಮಗಳನ್ನು ಆಧರಿಸಿದ ಅಧ್ಯಯನ ಟಿಪ್ಪಣಿ

ಔದ್ಯೋಗಿಕ ಆರೋಗ್ಯದ ಪಠ್ಯಗಳು ಕೆಲಸದ ಸ್ಥಳದ ಅಪಾಯಗಳನ್ನು ಭೌತಿಕ, ರಾಸಾಯನಿಕ, ಜೈವಿಕ, ಯಾಂತ್ರಿಕ ಮತ್ತು ಮನೋಸಾಮಾಜಿಕ ಎಂಬ ಐದು ಗುಂಪುಗಳಲ್ಲಿ ವಿಂಗಡಿಸುತ್ತವೆ. ಪರೀಕ್ಷೆಯಲ್ಲಿ ಉತ್ತರ ಬರೆಯಲು ಈ ವಿಂಗಡಣೆ ಸಾಕಾಗುತ್ತದೆ. ಆದರೆ ಕ್ಷೇತ್ರಾಧ್ಯಯನಕ್ಕೆಂದು ಮಲ್ಪೆಯ ಬಂದರಿಗೆ ಹೋದರೆ, ಬೋಟಿನಿಂದ ಮೀನು ಇಳಿಸುವ ಒಬ್ಬನೇ ವ್ಯಕ್ತಿಯ ಮೇಲೆ ಭಾರ, ಬಿಸಿಲು, ಜಾರುವ ನೆಲ, ಮೀನಿನ ಮುಳ್ಳು ಮತ್ತು ನಿದ್ದೆಗೆಟ್ಟ ರಾತ್ರಿ ಎಲ್ಲವೂ ಒಟ್ಟಿಗೇ ಬಿದ್ದಿರುವುದು ಕಾಣುತ್ತದೆ. ಯಾವುದನ್ನು ಯಾವ ಗುಂಪಿಗೆ ಸೇರಿಸುವುದೆಂದು ಯೋಚಿಸುತ್ತಾ ನಿಂತರೆ ಮುಖ್ಯವಾದುದು ಕಣ್ತಪ್ಪಿ ಹೋಗುತ್ತದೆ. ಆದ್ದರಿಂದ ಇಲ್ಲಿ ಪ್ರತಿಯೊಂದು ಕೆಲಸಕ್ಕೂ ಮೂರು ಪ್ರಶ್ನೆಗಳನ್ನು ಕೇಳುವ ಕ್ರಮವನ್ನು ಅನುಸರಿಸಿದ್ದೇನೆ. ಈ ಕೆಲಸದಿಂದ ಹೊರಬರುವುದು ಏನು? ಅದು ಯಾವ ದಾರಿಯಲ್ಲಿ ದೇಹವನ್ನು ಸೇರುತ್ತದೆ ಅಥವಾ ದೇಹದ ಯಾವ ಭಾಗವನ್ನು ತಾಗುತ್ತದೆ? ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷಗಳ ಕಾಲ? ಹೀಗೆ ಕೇಳತೊಡಗಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಉದ್ಯಮಗಳಲ್ಲಿ ಒಂದೇ ಅಪಾಯ ಅಡಗಿರುವುದೂ, ಒಂದು ಅಪಾಯಕ್ಕೆ ಕಂಡುಕೊಂಡ ಪರಿಹಾರವೇ ಇನ್ನೊಂದನ್ನು ತಂದಿರುವುದೂ ತಿಳಿಯುತ್ತದೆ.

ಮೀನಿನ ತೊಟ್ಟಿಯಲ್ಲೂ ತೈಲ ಘಟಕದಲ್ಲೂ ಒಂದೇ ಅನಿಲ

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಹೊರವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ಮೀನಿನ ತ್ಯಾಜ್ಯದ ತೊಟ್ಟಿಗೆ ಇಳಿದ ಕಾರ್ಮಿಕರೊಬ್ಬರು ಪ್ರಜ್ಞೆ ತಪ್ಪಿದರು. ಅವರನ್ನು ಎತ್ತಲೆಂದು ಜೊತೆಗಾರರು ಒಬ್ಬರ ಹಿಂದೆ ಒಬ್ಬರು ಇಳಿದರು. ಪಶ್ಚಿಮ ಬಂಗಾಳದಿಂದ ಬಂದಿದ್ದ ಐವರು ಯುವಕರು ಸಾವನ್ನಪ್ಪಿದರು. ಮುಚ್ಚಿದ ಜಾಗದ ಅವಘಡಗಳಲ್ಲಿ ಈ ಕ್ರಮ ಮತ್ತೆ ಮತ್ತೆ ಕಾಣುತ್ತದೆ: ಮೊದಲು ಬಿದ್ದವನಿಗಿಂತ ಅವನನ್ನು ಉಳಿಸಲು ಹೋದವರೇ ಹೆಚ್ಚು ಸಂಖ್ಯೆಯಲ್ಲಿ ಸಾಯುತ್ತಾರೆ.

ಮೀನಿನ ಮಾಂಸದ ಪ್ರೋಟೀನಿನಲ್ಲಿ ಗಂಧಕವಿದೆ. ಗಾಳಿಯಾಡದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸಿದಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಕಚ್ಚಾ ತೈಲದಲ್ಲಿಯೂ ಗಂಧಕವಿರುವುದರಿಂದ ಶುದ್ಧೀಕರಣ ಘಟಕಗಳಲ್ಲಿ ಇದೇ ಅನಿಲ ಬರುತ್ತದೆ. ವಸತಿ ಸಮುಚ್ಚಯಗಳ ಒಳಚರಂಡಿ ಗುಂಡಿಗಳಲ್ಲಿಯೂ, ಹಲವು ದಿನಗಳ ಮೀನು ತುಂಬಿಟ್ಟ ಬೋಟಿನ ಶೇಖರಣಾ ಕೋಣೆಯಲ್ಲಿಯೂ ಬರಬಹುದು. ತೈಲ ಘಟಕದ ಕೆಲಸಗಾರನ ಅಂಗಿಗೆ ಅನಿಲ ಪತ್ತೆ ಮಾಡುವ ಪುಟ್ಟ ಉಪಕರಣ ಸಿಕ್ಕಿಸಿರುತ್ತದೆ, ಮೀನಿನ ತೊಟ್ಟಿಗೆ ಇಳಿಯುವವನಿಗೆ ಆ ಅನಿಲದ ಹೆಸರೇ ತಿಳಿದಿರುವುದಿಲ್ಲ. ಉದ್ಯಮದ ಹೆಸರು ನೋಡಿ ಅಪಾಯವನ್ನು ಅಳೆಯುವುದರಿಂದ ಆಗುವ ಅನ್ಯಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ತೋರುವುದಿಲ್ಲ.

ಈ ಅನಿಲದ ಗುಣಗಳಲ್ಲಿ ಎರಡನ್ನು ಬಾಯಿಪಾಠವಾಗಿಯೇ ಇಟ್ಟುಕೊಳ್ಳಬೇಕು. ಒಂದನೆಯದು, ಇದು ಗಾಳಿಗಿಂತ ಭಾರ, ಹಾಗಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಎರಡನೆಯದು ಹೆಚ್ಚು ಮೋಸದ ಗುಣ: ಅತ್ಯಲ್ಪ ಪ್ರಮಾಣದಲ್ಲಿ, ಅಂದರೆ ಒಂದು ಪಿಪಿಎಂಗಿಂತ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲು) ಕಡಿಮೆ ಇದ್ದಾಗಲೇ, ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ, ಆದರೆ 100 ಪಿಪಿಎಂ ಹೊತ್ತಿಗೆ ವಾಸನೆಯನ್ನು ಗ್ರಹಿಸುವ ನರವೇ ಮರಗಟ್ಟುತ್ತದೆ. ವಾಸನೆ ನಿಂತಿತೆಂದು ಧೈರ್ಯದಿಂದ ಮುಂದೆ ಹೆಜ್ಜೆ ಇಡುವವನು ವಾಸ್ತವದಲ್ಲಿ ಹೆಚ್ಚಿನ ಅನಿಲದೊಳಕ್ಕೆ ಹೋಗುತ್ತಿರುತ್ತಾನೆ. 500 ಪಿಪಿಎಂ ಮೀರಿದರೆ ಕೆಲವೇ ನಿಮಿಷಗಳಲ್ಲಿ, ಇನ್ನೂ ಹೆಚ್ಚಾದರೆ ಕೆಲವೇ ಉಸಿರುಗಳಲ್ಲಿ ಕುಸಿದು ಬೀಳುತ್ತಾರೆ. ಆದ್ದರಿಂದ ಇಳಿಯುವ ಮೊದಲು ಉಪಕರಣದಿಂದ ಅಳೆಯಲೇಬೇಕು. ಮೊದಲು ಆಮ್ಲಜನಕ (ಸಹಜ ಗಾಳಿಯಲ್ಲಿ ಶೇ 20.9 ಇರುತ್ತದೆ, ಶೇ 19.5ಕ್ಕಿಂತ ಕಡಿಮೆಯಿದ್ದರೆ ಇಳಿಯಬಾರದು), ಆಮೇಲೆ ಹೊತ್ತಿಕೊಳ್ಳುವ ಅನಿಲ, ಆಮೇಲೆ ವಿಷಾನಿಲ, ಅದೂ ತೊಟ್ಟಿಯ ಬಾಯಲ್ಲಿ ಮಾತ್ರವಲ್ಲ, ನಡುವೆಯೂ ತಳದಲ್ಲಿಯೂ. ಬ್ಲೋವರ್‌ನಿಂದ ಗಾಳಿ ಹಾಯಿಸಬೇಕು. ಇಳಿಯುವವನ ಸೊಂಟ ಮತ್ತು ಭುಜಕ್ಕೆ ಬೆಲ್ಟ್ ಕಟ್ಟಿ, ಮೇಲಿನಿಂದ ಎಳೆಯಲು ಮುಕ್ಕಾಲಿ ರಾಟೆ ನಿಲ್ಲಿಸಿ, ಯಾವ ಕಾರಣಕ್ಕೂ ತಾನು ಒಳಗೆ ಇಳಿಯದ ಒಬ್ಬನನ್ನು ಹೊರಗೆ ಕಾವಲಿಗೆ ಇರಿಸಬೇಕು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ದೂಳಿನ ಮಾಸ್ಕ್ ಆಗಲಿ ಇಲ್ಲಿ ಯಾವ ಪ್ರಯೋಜನಕ್ಕೂ ಬಾರದು. ಸಿಲಿಂಡರಿನ ಅಥವಾ ಕೊಳವೆಯ ಗಾಳಿಯೇ ಬೇಕು. ಶೌಚ ಗುಂಡಿ ಮತ್ತು ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನಂತೂ 2013ರ ಕಾಯ್ದೆ ನಿಷೇಧಿಸಿದೆ.

ಎಚ್ಚರಿಕೆಯ ಫಲಕಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ಬೋಟುಗಳಲ್ಲಿ, ಮೀನಿನ ಘಟಕಗಳಲ್ಲಿ ಒಡಿಶಾ, ಜಾರ್ಖಂಡ್, ಬಂಗಾಳ, ಆಂಧ್ರದವರು ಬಹಳ ಮಂದಿ ದುಡಿಯುತ್ತಾರೆ. ಕನ್ನಡ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಬರೆದ ಫಲಕವು ತಪಾಸಣೆಗೆ ಬರುವ ಅಧಿಕಾರಿಗೆ ಅರ್ಥವಾಗುತ್ತದೆಯೇ ಹೊರತು ತೊಟ್ಟಿಗೆ ಇಳಿಯುವವನಿಗಲ್ಲ. ತರಬೇತಿಯನ್ನು ಅವರ ಭಾಷೆಯಲ್ಲಿ, ಚಿತ್ರ ಮತ್ತು ಪ್ರಾತ್ಯಕ್ಷಿಕೆಗಳ ಮೂಲಕ ಕೊಡಬೇಕು.

ಬಂದರಿನ ಐಸ್ ಪ್ಲಾಂಟ್‌ಗಳಲ್ಲಿ ಬಳಸುವ ಅಮೋನಿಯಾದ ಸ್ವಭಾವ ಇದಕ್ಕೆ ತದ್ವಿರುದ್ಧವಾದುದು. ಅದು ಕಣ್ಣು, ಮೂಗು, ಗಂಟಲನ್ನು ಉರಿಸಿ ಮೊದಲೇ ಎಚ್ಚರಿಸುತ್ತದೆ, ನೀರಿನಲ್ಲಿ ಬೇಗ ಕರಗುತ್ತದೆ. ಗಾಳಿಗಿಂತ ಹಗುರವಾದರೂ, ಒತ್ತಡದಲ್ಲಿದ್ದ ದ್ರವ ಸೋರಿದಾಗ ತಣ್ಣನೆಯ ಮಂಜಾಗಿ ನೆಲದ ಮಟ್ಟದಲ್ಲೇ ಹರಡುತ್ತದೆಂಬುದನ್ನು ಮರೆಯಬಾರದು. ಸೋರಿಕೆಯಾದಾಗ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಓಡಿ, ಅನಿಲದ ಹಾದಿಯಿಂದ ಪಾರಾಗಬೇಕು. ಕಣ್ಣಿಗೆ ತಾಗಿದ್ದರೆ ಕೂಡಲೇ ನೀರಿನಿಂದ ಕನಿಷ್ಠ 15 ನಿಮಿಷ ತೊಳೆಯುತ್ತಿರಬೇಕು.

ಗೇರುಬೀಜದ ಎಣ್ಣೆ

ಗೇರುಬೀಜದ ಸಿಪ್ಪೆಯೊಳಗಿನ ಎಣ್ಣೆಯಲ್ಲಿ ಅನಾಕಾರ್ಡಿಕ್ ಆಮ್ಲ, ಕಾರ್ಡಾಲ್ ಮುಂತಾದ ಚರ್ಮ ಸುಡುವ ರಾಸಾಯನಿಕಗಳಿವೆ. ಬೀಜ ಒಡೆಯುವ ಹೆಂಗಸರ ಬೆರಳುಗಳು ಕಪ್ಪಾಗುವುದು, ಚರ್ಮ ಸುಲಿಯುವುದು, ಬಿರಿದು ತುರಿಸುವುದು ಇದರಿಂದಲೇ. ಹಿಂದೆ ಬೀಜವನ್ನು ಡ್ರಮ್ಮಿನಲ್ಲಿ ಹುರಿಯುತ್ತಿದ್ದಾಗ ಎಣ್ಣೆಯ ಬಹುಪಾಲು ಸುಟ್ಟು ಹೋಗುತ್ತಿತ್ತು, ಆದರೆ ಖಾರವಾದ ಹೊಗೆ ಶೆಡ್ಡನ್ನೂ ಸುತ್ತಲಿನ ಮನೆಗಳನ್ನೂ ತುಂಬುತ್ತಿತ್ತು. ಹಬೆಯಲ್ಲಿ ಬೇಯಿಸುವ ವಿಧಾನ ಬಂದ ಮೇಲೆ ಹೊಗೆ ಕಡಿಮೆಯಾಯಿತು. ಆದರೆ ಎಣ್ಣೆ ಸಿಪ್ಪೆಯಲ್ಲೇ ಉಳಿಯಿತು, ಅದು ಬಂದು ಸೇರಿದ್ದು ಕತ್ತರಿಸುವವರ ಕೈಗೆ. ಅಪಾಯವು ಶ್ವಾಸಕೋಶದಿಂದ ಚರ್ಮಕ್ಕೆ ಜಾಗ ಬದಲಿಸಿತು. ಈಗ ಕತ್ತರಿಸುವುದನ್ನೂ ಯಂತ್ರಗಳೇ ಮಾಡುವ ಕಾರ್ಖಾನೆಗಳಲ್ಲಿ ಕೈ ಸುಡುವುದು ತಪ್ಪಿದೆ, ಬದಲಿಗೆ ಶಬ್ದ ಮತ್ತು ಸಿಪ್ಪೆಯ ದೂಳು ಬಂದಿವೆ.

ನಿಯಂತ್ರಣದ ಶ್ರೇಣಿಯನ್ನು ಕಲಿಯಲು ಇದು ಒಳ್ಳೆಯ ಪಾಠ. ಅಪಾಯವನ್ನೇ ಇಲ್ಲವಾಗಿಸುವುದು ಎಲ್ಲಕ್ಕಿಂತ ಉತ್ತಮ. ಅದಾಗದಿದ್ದರೆ ಕಡಿಮೆ ಅಪಾಯದ ವಿಧಾನಕ್ಕೆ ಬದಲಾಯಿಸುವುದು. ಬಳಿಕ ಹೊಗೆ ಎಳೆಯುವ ಫ್ಯಾನ್, ಯಂತ್ರಕ್ಕೆ ಮುಚ್ಚಳ ಇತ್ಯಾದಿ ಎಂಜಿನಿಯರಿಂಗ್ ಕ್ರಮಗಳು. ಬಳಿಕ ಪಾಳಿ ಬದಲಾವಣೆ, ವಿರಾಮ, ತರಬೇತಿ. ಕೊನೆಗೆ ಕೈಗವಸು, ಮಾಸ್ಕ್. ವಾಸ್ತವದಲ್ಲಿ ಹೆಚ್ಚಿನ ಕಡೆ ಈ ಶ್ರೇಣಿಯನ್ನು ತಲೆಕೆಳಗಾಗಿ ಓದಿ, ಕೈಗವಸು ಕೊಟ್ಟಲ್ಲಿಗೆ ಮಾಲೀಕರ ಹೊಣೆ ಮುಗಿಯಿತೆಂದು ತಿಳಿಯುತ್ತಾರೆ. ಆಮೇಲೆ, ಕೊಟ್ಟರೂ ಇವರು ಹಾಕಿಕೊಳ್ಳುವುದಿಲ್ಲ ಎಂಬ ದೂರು ಬರುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿರುವಾಗ, ಬೆರಳ ತುದಿಯ ಚುರುಕನ್ನು ತಗ್ಗಿಸುವ ಕೈಗವಸು ಸಂಬಳವನ್ನೂ ತಗ್ಗಿಸುತ್ತದೆ. ಇದನ್ನು ಕಾರ್ಮಿಕರ ಅಜ್ಞಾನವೆಂದು ವರದಿಯಲ್ಲಿ ಬರೆಯುವುದು ತಪ್ಪೆಂದೇ ನನ್ನ ಅಭಿಪ್ರಾಯ. ಕೂಲಿ ಕೊಡುವ ಪದ್ಧತಿಯನ್ನೂ ಅಪಾಯದ ಒಂದು ಕಾರಣವೆಂದು ದಾಖಲಿಸಬೇಕು.

ಕಣ್ಣಿಗೆ ಕಾಣದ ದೂಳು

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಈ ಊರಿಗೆ ಮಣ್ಣಿನ ಉದ್ಯಮ ಹೊಸದಲ್ಲ. ಮಣ್ಣು ಹಸಿಯಾಗಿರುವಾಗ ದೂಳು ಕಡಿಮೆ. ಒಣಮಣ್ಣು ಪುಡಿ ಮಾಡುವಲ್ಲಿ, ಭಟ್ಟಿಯಿಂದ ಹಂಚು ತೆಗೆದು ಗುಡಿಸುವಲ್ಲಿ ಅದು ಹೆಚ್ಚು. ಇಂದು ಹಂಚಿನ ಕಾರ್ಖಾನೆಗಳು ವಿರಳವಾಗಿವೆ. ಮಣ್ಣು, ಕಲ್ಲುಗಳಲ್ಲಿರುವ ಸಿಲಿಕಾ ಎಂಬ ಖನಿಜದ ದೂಳಿನ ಮುಖ್ಯ ಜಾಗ ಈಗ ಜಲ್ಲಿ ಕ್ರಷರ್, ಕಲ್ಲಿನ ಶೆಡ್ಡು ಮತ್ತು ಕಟ್ಟಡ ನಿರ್ಮಾಣ. ಎಲ್ಲ ದೂಳೂ ಸಮಾನವಲ್ಲವೆಂಬುದನ್ನು ಗಮನಿಸಬೇಕು. ಗ್ರಾನೈಟಿನಲ್ಲಿ ಕ್ವಾರ್ಟ್ಸ್ (ಸ್ಫಟಿಕ ರೂಪದ ಸಿಲಿಕಾ) ಹೆಚ್ಚು, ಕೆಲವು ಬಗೆಯ ಕರಿಕಲ್ಲುಗಳಲ್ಲಿ ಬಹಳ ಕಡಿಮೆ. ಅಡುಗೆಮನೆಯ ಕಟ್ಟೆಗೆ ಹಾಕುವ ಕೃತಕ ಕ್ವಾರ್ಟ್ಸ್ ಹಲಗೆಗಳಲ್ಲಿ ಸಿಲಿಕಾ ಶೇ 90ನ್ನೂ ಮೀರಬಹುದು. ಆಸ್ಟ್ರೇಲಿಯಾ 2024ರ ಜುಲೈನಿಂದ ಅಂಥ ಹಲಗೆಗಳನ್ನೇ ನಿಷೇಧಿಸಿತು.

ಕಣ್ಣಿಗೆ ಕಾಣುವ ದೂಳಿನ ಬಹುಪಾಲನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಹತ್ತು ಮೈಕ್ರಾನಿಗಿಂತ ಸಣ್ಣ, ಕಾಣದ ಕಣಗಳು ಶ್ವಾಸಕೋಶದ ಆಳ ತಲುಪಿ ಅಲ್ಲಿ ಗಾಯದ ಗಂಟುಗಳನ್ನು ಮೂಡಿಸುತ್ತವೆ. ಸಿಲಿಕೋಸಿಸ್ ಎಂಬ ಈ ರೋಗ ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಹೆಚ್ಚಿನ ದುಡಿಮೆಯ ನಂತರ ಕಾಣಿಸಿಕೊಳ್ಳುತ್ತದೆ, ಕೆಲಸ ಬಿಟ್ಟ ಮೇಲೂ ಬೆಳೆಯುತ್ತದೆ, ವಾಸಿಯಾಗುವುದಿಲ್ಲ. ಅದು ಕ್ಷಯರೋಗದ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಎಕ್ಸ್‌ರೇಯಲ್ಲಿ ಎರಡೂ ಒಂದೇ ರೀತಿ ಕಾಣಬಹುದಾದ್ದರಿಂದ ಕಲ್ಲು ಕಡಿಯುವವರಿಗೆ ಕ್ಷಯವೆಂದಷ್ಟೇ ಚಿಕಿತ್ಸೆ ನಡೆದು ಮೂಲ ಕಾರಣ ದಾಖಲಾಗದೆ ಹೋಗುವುದುಂಟು. ಸ್ಫಟಿಕ ರೂಪದ ಸಿಲಿಕಾವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಪರಿಹಾರ ಮಾತ್ರ ಕಷ್ಟದ್ದಲ್ಲ: ಕತ್ತರಿಸುವ ಬ್ಲೇಡಿನ ಬಾಯಿಗೇ ನೀರು ಬಿಡುವುದು, ಒಣಗಿದ ದೂಳನ್ನು ಪೊರಕೆಯಲ್ಲಿ ಗುಡಿಸದಿರುವುದು. ವರ್ಷಕ್ಕೆ ಆರು ತಿಂಗಳು ಮಳೆನೀರು ಸಿಗುವ ಜಿಲ್ಲೆಯಲ್ಲಿ ನೀರಿನ ಒಂದು ಪೈಪು ಎಳೆಯದೆ ಕಲ್ಲನ್ನು ಒಣದಾಗಿ ಕೊಯ್ಯಿಸುವುದಕ್ಕೆ ಸಮರ್ಥನೆಯಿಲ್ಲ.

ಅಡಿಕೆ ತೋಟ

ಮಳೆಗಾಲದ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸ ಇಲ್ಲಿನ ಪ್ರತಿಯೊಂದು ತೋಟದಲ್ಲಿಯೂ ನಡೆಯುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ನಿತ್ಯಪರಿಚಿತವಾದ್ದರಿಂದ ಇದನ್ನು ಯಾರೂ ವಿಷವೆಂದು ಎಣಿಸುವುದಿಲ್ಲ. ಆದರೆ ಇದೇ ದ್ರಾವಣವನ್ನು ದ್ರಾಕ್ಷಿತೋಟಗಳಲ್ಲಿ ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿಕೊಂಡು ರೋಗ ಬಂದುದನ್ನು ಪೋರ್ಚುಗಲ್‌ನ ವೈದ್ಯರು 1969ರಲ್ಲಿ ವರದಿ ಮಾಡಿದ್ದರು. ಮೇಲಕ್ಕೆ ಮುಖ ಮಾಡಿ ಸಿಂಪಡಿಸುವಾಗ ಹನಿಗಳು ಕಣ್ಣಿಗೇ ಬೀಳುತ್ತವೆ. ಸುಣ್ಣ ಮತ್ತು ಮೈಲುತುತ್ತು ಎರಡೂ ಕಣ್ಣಿನ ಪಾಪೆಗೆ ಹಾನಿಕರ. ಕನ್ನಡಕ, ಉದ್ದ ತೋಳಿನ ಅಂಗಿ, ಮೂಗಿಗೆ ಸರಿಯಾಗಿ ಕೂರುವ ಮಾಸ್ಕ್, ಕೆಲಸದ ನಂತರ ಸ್ನಾನ ಇವು ಅಗತ್ಯ.

ಇನ್ನು ಎತ್ತರದಿಂದ ಬೀಳುವ ಅಪಾಯ. ಒದ್ದೆಯಾದ ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರ ಕುಟುಂಬಗಳು ಈ ಭಾಗದ ಹಳ್ಳಿಗಳಿಗೆ ಹೊಸದಲ್ಲ. ಕಾರ್ಬನ್ ಫೈಬರ್ ದೋಟಿ ಬಂದು, ನೆಲದ ಮೇಲೆ ನಿಂತೇ ಕೊಯ್ಲು ಮತ್ತು ಸಿಂಪಡಣೆ ಮಾಡುವುದು ಸಾಧ್ಯವಾಗಿದೆ. ಅಪಾಯವನ್ನೇ ಇಲ್ಲವಾಗಿಸುವುದಕ್ಕೆ ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು, ಆದರೂ ಇದರೊಂದಿಗೆ ಒಂದು ಹೊಸ ಅಪಾಯ ಬಂದಿದೆ. ಕಾರ್ಬನ್ ಫೈಬರ್ ವಿದ್ಯುತ್ತನ್ನು ಹಾಯಿಸುತ್ತದೆ. ತೋಟದ ಮೇಲೆ ಹಾದುಹೋಗುವ ತಂತಿಗೆ ದೋಟಿಯ ತುದಿ ತಾಗಿದರೆ ಕೆಳಗೆ ಹಿಡಿದವನಿಗೆ ಶಾಕ್ ಹೊಡೆಯುತ್ತದೆ. ತಂತಿಯ ಕೆಳಗಿನ ಸಾಲುಗಳನ್ನು ಗುರುತು ಹಾಕಿ ಬಿಡುವುದು ಅಥವಾ ಮೆಸ್ಕಾಂಗೆ ತಿಳಿಸಿ ವಿದ್ಯುತ್ ನಿಲ್ಲಿಸಿದ ಮೇಲಷ್ಟೇ ಅಲ್ಲಿ ಕೆಲಸ ಮಾಡುವುದು, ಇದನ್ನು ದೋಟಿಯ ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕು.

ತೋಟದಾಚೆಗೆ ಸೋಂಕಿನ ಅಪಾಯವನ್ನೂ ನೋಡಬೇಕು. ಗದ್ದೆಯ ಕೆಸರಿನಲ್ಲಿ ದುಡಿಯುವವರ ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ತಗಲುತ್ತದೆ. ಮಳೆಗಾಲದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೆಲಸ ಏನೆಂದು ವೈದ್ಯರಿಗೆ ಹೇಳುವುದು ರೋಗಪತ್ತೆಯನ್ನು ಬೇಗ ಮಾಡಿಸುತ್ತದೆ. ಆಸ್ಪತ್ರೆಗಳ ನಗರಗಳಾದ ಮಂಗಳೂರು, ಮಣಿಪಾಲಗಳಲ್ಲಿ ದಾದಿಯರಿಗೂ ಸ್ವಚ್ಛತಾ ಸಿಬ್ಬಂದಿಗೂ ಸೂಜಿ ಚುಚ್ಚುವ ಅಪಾಯವಿದೆ: ಸೋಂಕಿತರ ರಕ್ತದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3, ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ ಶೇ 6ರಿಂದ 30. ಲಸಿಕೆ ಇರುವುದು ಎರಡನೆಯದಕ್ಕೆ. ಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಗೂ ಅದು ಸಿಕ್ಕಿದೆಯೇ ಎಂದು ವಿಚಾರಿಸಬೇಕು.

ಮನೆಯೊಳಗಿನ ದುಡಿಮೆ ಮತ್ತು ದಾಖಲೆ

ಬೀಡಿ ಕಟ್ಟುವವರ ಕೆಲಸದ ಜಾಗ ಮನೆಯ ಚಾವಡಿ. ತಡ್ಪೆಯನ್ನು (ಮೊರ) ಮಡಿಲಲ್ಲಿಟ್ಟು ಗಂಟೆಗಟ್ಟಲೆ ಬಾಗಿ ಕುಳಿತಾಗ ಕುತ್ತಿಗೆ ಮತ್ತು ಸೊಂಟ ನೋಯುತ್ತವೆ. ಹೊಗೆಸೊಪ್ಪಿನ ಪುಡಿಯನ್ನು ಉಸಿರಾಡುವುದಲ್ಲದೆ ನಿಕೋಟಿನ್ ಚರ್ಮದ ಮೂಲಕವೂ ರಕ್ತಕ್ಕೆ ಸೇರುತ್ತದೆ. ಅದೇ ಕೋಣೆಯಲ್ಲಿ ಮಗು ಮಲಗಿರುತ್ತದೆ. ಇಲ್ಲಿ ಎಂಜಿನಿಯರಿಂಗ್ ನಿಯಂತ್ರಣ ಯಾರ ಹೊಣೆ ಎಂಬ ಪ್ರಶ್ನೆಗೆ ಪಠ್ಯದಲ್ಲಿ ಉತ್ತರವಿಲ್ಲ. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ದುಡಿಯುವವರನ್ನೂ ಕಾರ್ಮಿಕರೆಂದು ಗುರುತಿಸಿತು, ಆದರೆ ಅವರ ಮನೆಗೆ ಗಾಳಿಯಾಡುವ ಕಿಟಕಿಯನ್ನು ಒದಗಿಸಲಿಲ್ಲ.

ಕಾನೂನಿನ ಮಿತಿಯನ್ನೂ ತಿಳಿದಿರಬೇಕು. 1948ರ ಕಾರ್ಖಾನೆ ಕಾಯ್ದೆ ವಿದ್ಯುತ್ ಬಳಸುವಲ್ಲಿ 10, ಬಳಸದಲ್ಲಿ 20 ಕಾರ್ಮಿಕರಿದ್ದರೆ ಕಾರ್ಖಾನೆ ಎನ್ನುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲಿ ಆ ಸಂಖ್ಯೆಗಳು 20 ಮತ್ತು 40 ಆಗಿವೆ. ಅಪಾಯಕಾರಿ ಕೆಲಸ ನಡೆಯುವಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿ ಈ ಮಿತಿಯಿಲ್ಲದೆಯೂ ಸಂಹಿತೆಯನ್ನು ಅನ್ವಯಿಸಲು ಅವಕಾಶವಿದೆ. ಆರೇಳು ಜನರ ಕಲ್ಲಿನ ಶೆಡ್ಡುಗಳಿಗೆ ಆ ಅವಕಾಶವನ್ನು ಬಳಸಬೇಕೆಂಬುದು ನ್ಯಾಯವಾದ ಬೇಡಿಕೆ.

ರೋಗಿಯನ್ನು ಅವನ ಕಸುಬು ಏನೆಂದು ಕೇಳಬೇಕೆಂದು ಇಟಲಿಯ ವೈದ್ಯ ರಮಾಝಿನಿ 1700ರಲ್ಲಿಯೇ ಒತ್ತಿ ಹೇಳಿದ್ದ. ನಮ್ಮ ಕೇಸ್ ಶೀಟುಗಳಲ್ಲಿ ಆ ಜಾಗದಲ್ಲಿ ಈಗಲೂ "ಕೂಲಿ" ಎಂಬ ಒಂದೇ ಪದವಿರುತ್ತದೆ. ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಬೋಟಿನವನೇ ಆ ಎರಡು ತಿಂಗಳು ತೋಟದಲ್ಲಿ ಮದ್ದು ಬಿಡುತ್ತಿರಬಹುದು, ಅದಕ್ಕೂ ಹಿಂದೆ ಕ್ರಷರಿನಲ್ಲಿ ದುಡಿದಿರಬಹುದು. ಆದ್ದರಿಂದ ಕ್ಷೇತ್ರಾಧ್ಯಯನದ ನಮೂನೆಯಲ್ಲಿ ಈಗಿನ ಕೆಲಸ, ಹಿಂದಿನ ಪ್ರತಿಯೊಂದು ಕೆಲಸ, ಒಂದೊಂದರಲ್ಲಿ ಕಳೆದ ವರ್ಷಗಳು, ಮುಟ್ಟಿದ ಮತ್ತು ಉಸಿರಾಡಿದ ವಸ್ತು, ರಜೆಯಲ್ಲಿ ಲಕ್ಷಣ ಕಡಿಮೆಯಾಗುತ್ತದೆಯೇ ಎಂಬ ಐದು ಅಂಕಣಗಳನ್ನು ಇಡಬೇಕು. ಸಿಲಿಕೋಸಿಸ್, ಶಬ್ದದಿಂದಾದ ಕಿವುಡು, ರಾಸಾಯನಿಕಗಳಿಂದಾದ ಚರ್ಮರೋಗ ಇವು ವೈದ್ಯರು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿವೆ, ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ ಔದ್ಯೋಗಿಕ ರೋಗವೆಂದು ಸಾಬೀತಾದರೆ ಅದು ಕೆಲಸದಲ್ಲಾದ ಗಾಯಕ್ಕೆ ಸಮಾನವಾಗಿ ಪರಿಹಾರಕ್ಕೆ ಅರ್ಹವಾಗುತ್ತದೆ. ಆ ಸಾಬೀತಿಗೆ ಮೊದಲ ಪುರಾವೆಯೇ ಈ ಅಂಕಣಗಳಲ್ಲಿ ತುಂಬಿದ ವಿವರ.