ಬೇರ್‌ಫೂಟ್ ಶೂ ಎಷ್ಟು ಕಾಲ ಬಾಳಿಕೆ ಬರುತ್ತದೆ?

ಪ್ರಶ್ನೆ: ಬೆಳಿಗ್ಗೆ ಓಡಲಿಕ್ಕೆ ಅಂತ ತೆಳು ಸೋಲಿನ ಬೇರ್‌ಫೂಟ್ ಶೂ ತೆಗೆದುಕೊಂಡಿದ್ದೇನೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಕಿಲೋಮೀಟರ್ ಓಡುತ್ತೇನೆ. ಮಾಮೂಲಿ ರನ್ನಿಂಗ್ ಶೂ 500 ಕಿ.ಮೀ. ಆದಮೇಲೆ ಬದಲಾಯಿಸಬೇಕು ಅಂತಾರೆ. ಇದರ ಸೋಲು ಅದರ ಅರ್ಧ ದಪ್ಪವೂ ಇಲ್ಲ. ಹಾಗಾದರೆ 250ಕ್ಕೇ ಮುಗಿಯಿತಾ? (ಸುರತ್ಕಲ್‌ನಿಂದ ಓದುಗರೊಬ್ಬರು)

ಉತ್ತರ: ಇಲ್ಲ, ಇಲ್ಲಿ ಲೆಕ್ಕ ಉಲ್ಟಾ. ತೆಳು ಸೋಲಿನ ಶೂವೇ ಸಾಮಾನ್ಯವಾಗಿ ಜಾಸ್ತಿ ದೂರ ಬರುತ್ತದೆ.

ಮಾಮೂಲಿ ಶೂಗೆ 500ರಿಂದ 800 ಕಿ.ಮೀ. ಅನ್ನುವ ಲೆಕ್ಕ ಬಂದಿರುವುದು ಅದರ ರಬ್ಬರಿನಿಂದ ಅಲ್ಲ, ರಬ್ಬರಿನ ಮೇಲೆ ಕೂತಿರುವ ಫೋಮ್‌ನಿಂದ. ಇವಿಎ ಅನ್ನುವ ಆ ಫೋಮ್ ಒಳಗೆಲ್ಲ ಸಣ್ಣ ಸಣ್ಣ ಗಾಳಿಗುಳ್ಳೆ. ಹೆಜ್ಜೆ ಹೆಜ್ಜೆಗೂ ಅದುಮಿಸಿಕೊಂಡು ಕೊನೆಗೆ ಮೇಲೇಳುವುದನ್ನೇ ಬಿಡುತ್ತದೆ. ಹೊರಗಿನಿಂದ ನೋಡಿದರೆ ಶೂ ಇನ್ನೂ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಕಿಲೋಮೀಟರ್ ಬರೆದಿಟ್ಟುಕೊಳ್ಳಿ ಅನ್ನುವುದು.

ಬೇರ್‌ಫೂಟ್ ಶೂನಲ್ಲಿ ಆ ಫೋಮ್ ಇರುವುದಿಲ್ಲ. ಇದ್ದರೂ ಹೆಸರಿಗೆ ಒಂದಿಷ್ಟು. ಸೋಲಿನ ಒಟ್ಟು ದಪ್ಪವೇ ಹೆಚ್ಚಾಗಿ 10 ಮಿ.ಮೀ. ಒಳಗೆ. ಹಿಮ್ಮಡಿಯಲ್ಲೂ ಬೆರಳಿನ ಹತ್ತಿರವೂ ಒಂದೇ ಎತ್ತರ. ರಬ್ಬರು ಸವೆದು ತೂತಾಗುವ ತನಕ ಈ ಶೂ ಕೆಲಸ ಮಾಡುತ್ತದೆ. ಸುಮಾರಾಗಿ 800ರಿಂದ 1,500 ಕಿ.ಮೀ. ಅಂದುಕೊಳ್ಳಿ, ಹಗುರ ಹೆಜ್ಜೆಯವರಿಗೆ ಇನ್ನೂ ಜಾಸ್ತಿ. ಕ್ಸೀರೋ ಶೂಸ್ ಅನ್ನುವ ಅಮೆರಿಕದ ಕಂಪನಿ ತನ್ನ ಸೋಲಿಗೆ 5,000 ಮೈಲಿ, ಅಂದರೆ ಸುಮಾರು 8,000 ಕಿ.ಮೀ. ವಾರಂಟಿ ಕೊಡುತ್ತದೆ. ಓದಲಿಕ್ಕೆ ಚೆಂದ. ಷರತ್ತನ್ನೂ ಓದಬೇಕು: ಅದು ಸೋಲಿಗೆ ಮಾತ್ರ, ಮೇಲಿನ ಬಟ್ಟೆಗಲ್ಲ. ಸೋಲು 1 ಮಿ.ಮೀ.ಗಿಂತ ತೆಳ್ಳಗಾದರೂ ಸಿಗುವುದು ಹೊಸ ಜೋಡಿಯ ಮೇಲೆ ರಿಯಾಯಿತಿ.

ನಿಮ್ಮದು ವಾರಕ್ಕೆ 12 ಕಿ.ಮೀ. 1,000 ಕಿ.ಮೀ. ಆಗಲಿಕ್ಕೆ 83 ವಾರ ಬೇಕು, ಒಂದೂವರೆ ವರ್ಷದ ಮೇಲಾಯಿತು. ಉತ್ತರ ಇಲ್ಲಿಗೇ ಮುಗಿಸಬಹುದಿತ್ತು, ಆದರೆ ನೀವಿರುವುದು ಸುರತ್ಕಲ್‌ನಲ್ಲಿ. ನಮ್ಮ ಕರಾವಳಿಯಲ್ಲಿ ಶೂ ಹಾಳಾಗುವ ದಾರಿಯೇ ಬೇರೆ.

ಮೊದಲು ರಸ್ತೆ. ಮಂಗಳೂರಲ್ಲಿ ಈಗ ಎಲ್ಲಿ ನೋಡಿದರೂ ಕಾಂಕ್ರೀಟು. ಟೈರಿಗೆ ಹಿಡಿತ ಸಿಗಲಿ ಅಂತ ಅದರ ಮೈಮೇಲೆ ಗೆರೆ ಎಳೆದಿರುತ್ತಾರೆ. ಆ ಗೆರೆ ನಿಮ್ಮ ರಬ್ಬರನ್ನೂ ಮರಳುಕಾಗದದ ಹಾಗೆ ತಿನ್ನುತ್ತದೆ. ಆದರೆ ಕಾಲು ನೇರ ಇಳಿದು ನೇರ ಎದ್ದರೆ ಅಷ್ಟೇನೂ ಸವೆಯುವುದಿಲ್ಲ. ಸವೆಸುವುದು ಎಳೆತ. ಬೆಳಿಗ್ಗೆ ರಸ್ತೆ ಖಾಲಿ ಇದ್ದಾಗ ಕಿವಿಗೆ ಹಾಕಿದ್ದನ್ನು ತೆಗೆದು ನಿಮ್ಮ ಹೆಜ್ಜೆ ಕೇಳಿ. ‘ಸರ್ ಸರ್’ ಅಂತ ಬಂದರೆ ನೀವು ಕಾಲು ಉಜ್ಜುತ್ತಿದ್ದೀರಿ ಅಂತ ಅರ್ಥ. ಹೆಬ್ಬೆರಳಿನ ಬುಡದಲ್ಲಿ ರಬ್ಬರು ಗುಂಡಗೆ ಸವೆದಿದ್ದರೆ ನೆಲ ಬಿಡುವಾಗ ಪಾದ ತಿರುಚುತ್ತೀರಿ. ಹಿಮ್ಮಡಿಯ ಹೊರ ಅಂಚು ಸವೆದಿದ್ದರೆ ಹಿಮ್ಮಡಿಯನ್ನೇ ಮೊದಲು ಊರುವ ಹಳೇ ದಪ್ಪ ಶೂನ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಹೆಜ್ಜೆ ಗಿಡ್ಡ ಮಾಡಿದರೆ ಎರಡೂ ಕಡಿಮೆಯಾಗುತ್ತದೆ. ಮಂಗಳಾ ಸ್ಟೇಡಿಯಂ ಅಥವಾ ಉಡುಪಿಯ ಅಜ್ಜರಕಾಡಿನ ಸಿಂಥೆಟಿಕ್ ಟ್ರ್ಯಾಕ್‌ನಲ್ಲಿ ಓಡುವವರಿಗೆ ಈ ತಲೆಬಿಸಿ ಕಡಿಮೆ.

ಪಣಂಬೂರು, ಮಲ್ಪೆ ಬೀಚಿನ ಒದ್ದೆ ಮರಳು ಸೋಲಿಗೆ ಏನೂ ಮಾಡುವುದಿಲ್ಲ. ಆದರೆ ಮರಳು ಬಲೆಯಂಥ ಬಟ್ಟೆಯೊಳಗೆ ಹೊಕ್ಕು ಕಿರುಬೆರಳಿನ ಹತ್ತಿರ ಒಳಗಿನಿಂದ ತೂತು ಮಾಡುತ್ತದೆ. ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ಜಾಲಾಡಿಸಿ. ಅಥವಾ ಬೀಚಿನಲ್ಲಿ ಶೂ ಬಿಚ್ಚಿ ಬರಿಗಾಲಲ್ಲೇ ಓಡಿ, ಅಷ್ಟು ಒಳ್ಳೆ ಮರಳು ಇರುವಾಗ ಬೇರ್‌ಫೂಟ್ ಶೂ ಯಾಕೆ ಅಲ್ವಾ?

ನಿಜವಾದ ಶತ್ರು ಮಳೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಸುರಿಯುವ ಊರು ನಮ್ಮದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿ ತಿಂಗಳಲ್ಲಿ ಒಗೆದ ಬಟ್ಟೆಯೇ ಮೂರು ದಿನಕ್ಕೂ ಒಣಗುವುದಿಲ್ಲ, ಶೂ ಎಲ್ಲಿಂದ ಒಣಗಬೇಕು? ಒದ್ದೆ ಶೂವನ್ನೇ ಮತ್ತೆ ಮತ್ತೆ ಹಾಕಿದರೆ ಸೋಲು ಮತ್ತು ಬಟ್ಟೆಯ ನಡುವಿನ ಗಮ್ ಬಿಡುತ್ತದೆ. ಬೇರ್‌ಫೂಟ್ ಶೂ ಬೆರಳಿನ ಹತ್ತಿರ ಜಾಸ್ತಿ ಮಡಚುವುದರಿಂದ ಬಾಯಿ ಬಿಡುವುದೂ ಅಲ್ಲೇ. ಜೊತೆಗೆ ಬೂಸ್ಟು, ವಾಸನೆ.

ಓಡಿ ಬಂದ ಮೇಲೆ ಇನ್‌ಸೋಲ್ ಹೊರಗೆ ತೆಗೆಯಿರಿ, ಲೇಸ್ ಸಡಿಲಿಸಿ, ಒಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗಿಡಿ. ಒಂದು ಗಂಟೆ ಬಿಟ್ಟು ಪೇಪರ್ ಬದಲಾಯಿಸಿ, ಇದನ್ನು ಎಲ್ಲರೂ ಮರೆಯುತ್ತಾರೆ. ಒಲೆಯ ಹತ್ತಿರ, ಫ್ರಿಜ್ಜಿನ ಹಿಂದೆ ಇಡಬೇಡಿ, ಬಿಸಿಗೆ ಗಮ್ ಇನ್ನೂ ಬೇಗ ಬಿಡುತ್ತದೆ. ಮಳೆಗಾಲಕ್ಕೆ ಎರಡು ಜೋಡಿ ಇಟ್ಟು ಒಂದು ಬಿಟ್ಟು ಒಂದು ಹಾಕುವುದು ದುಂದು ಅಲ್ಲ. ಹಾಗಂತ ಆಫರ್ ಇದೆ ಅಂತ ನಾಲ್ಕು ಜೋಡಿ ಕೊಂಡು ಕಪಾಟಿನಲ್ಲಿ ಇಡಲೂಬೇಡಿ. ಪಾಲಿಯುರೆಥೇನ್ ಅನ್ನುವ ಒಂದು ಬಗೆಯ ಪ್ಲಾಸ್ಟಿಕ್ಕಿನ ಭಾಗಗಳಿರುವ ಶೂ ನಮ್ಮ ಸೆಕೆಯ ತೇವಕ್ಕೆ ಸುಮ್ನೆ ಇಟ್ಟಲ್ಲೇ ಕೆಲವು ವರ್ಷಗಳಲ್ಲಿ ಪುಡಿಪುಡಿಯಾಗುತ್ತದೆ.

ಇನ್ನು ಬದಲಾಯಿಸುವುದು ಯಾವಾಗ? ಒಂದು ಕೈಯ ಹೆಬ್ಬೆರಳು ಶೂ ಒಳಗೆ, ತೋರುಬೆರಳು ಹೊರಗೆ ಇಟ್ಟು ಸೋಲನ್ನು ಚಿವುಟಿ ನೋಡಿ. ಮೊದಲು ಪಾದದ ಕಮಾನಿನ ಕೆಳಗೆ. ಅಲ್ಲಿ ನೆಲ ತಾಗುವುದು ಕಡಿಮೆ, ಹಾಗಾಗಿ ಹೊಸದಾಗಿದ್ದಾಗಿನ ದಪ್ಪ ಹತ್ತಿರ ಹತ್ತಿರ ಉಳಿದಿರುತ್ತದೆ. ಆಮೇಲೆ ಹೆಬ್ಬೆರಳಿನ ಬುಡದಲ್ಲಿ. ವ್ಯತ್ಯಾಸ ಬೆರಳಿಗೇ ಗೊತ್ತಾಗುತ್ತದೆ. ಅರ್ಧಕ್ಕಿಂತ ಕಡಿಮೆ ಉಳಿದಿದ್ದರೂ ಒಣ ರಸ್ತೆಯಲ್ಲಿ ಧೈರ್ಯವಾಗಿ ಓಡಬಹುದು. ಮಳೆಗಾಲದಲ್ಲಿ ಮಾತ್ರ ನನ್ನ ಸಲಹೆ ಬೇರೆ: ಸೋಲಿನ ಗೆರೆಗಳು ಅಳಿಸಿ ನುಣ್ಣಗಾದರೆ ತೂತಾಗುವ ತನಕ ಕಾಯಬೇಡಿ. ಪಾಚಿ ಕಟ್ಟಿದ ಇಂಟರ್‌ಲಾಕ್ ಮೇಲೆ ನುಣ್ಣನೆ ರಬ್ಬರು ಅಂದರೆ ಬೀಳುವುದು ಖಂಡಿತ. ಅಂಗಳಕ್ಕಾದರೆ ಜಾರದಿರಲಿ ಅಂತ ಅಡಿಕೆ ಸೋಗೆ ಹಾಸುತ್ತೇವೆ, ಫುಟ್‌ಪಾತಿಗೆ ಯಾರು ಹಾಸುತ್ತಾರೆ? ಆ ಜೋಡಿಯನ್ನು ವಾಕಿಂಗಿಗೋ ಜಿಮ್ಮಿಗೋ ಇಟ್ಟುಕೊಳ್ಳಿ.

ನೀವು ಕೇಳದ ಒಂದು ಮಾತು. ಹೊಸದಾಗಿ ಶುರು ಮಾಡಿದ್ದರೆ ಎಲ್ಲಾ 12 ಕಿ.ಮೀ. ಇದರಲ್ಲೇ ಓಡಬೇಡಿ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, 10 ವಾರ ಇಂಥ ಶೂಗೆ ಬದಲಾದ ಓಟಗಾರರಲ್ಲಿ ಹಲವರ ಪಾದದ ಮೂಳೆಯೊಳಗೆ ಊತ ಎಂಆರ್‌ಐಯಲ್ಲಿ ಕಂಡಿತ್ತು. ಮೀನಖಂಡವೂ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜುವೂ ಹೊಂದಿಕೊಳ್ಳಲಿಕ್ಕೆ ತಿಂಗಳುಗಟ್ಟಲೆ ಬೇಕು. ಮೊದಮೊದಲು ದಿನಕ್ಕೆ ಒಂದು ಕಿಲೋಮೀಟರ್ ಸಾಕು, ಉಳಿದದ್ದು ಹಳೇ ಶೂನಲ್ಲಿ.

ರಿಪೇರಿ ಆಗುತ್ತದಾ ಅಂದರೆ, ಆಗುತ್ತದೆ. ಬಾಯಿ ಬಿಟ್ಟ ಸೋಲನ್ನು ಬಸ್‌ಸ್ಟ್ಯಾಂಡ್ ಹತ್ತಿರ ಕೊಡೆ, ಚಪ್ಪಲಿ ರಿಪೇರಿ ಮಾಡುವವರು ಚೆನ್ನಾಗಿಯೇ ಅಂಟಿಸಿ ಕೊಡುತ್ತಾರೆ. ಪೂರ್ತಿ ಒಣಗಿದ ಶೂ ಕೊಡಿ, ಆ ದಿನ ಓಡಬೇಡಿ. ತೂತಿಗೆ ಮಾತ್ರ ಅವರು ದಪ್ಪ ಹಾಫ್ ಸೋಲ್ ಹಾಕಲು ನೋಡುತ್ತಾರೆ, ಅವರ ಲೆಕ್ಕದಲ್ಲಿ ಅದೇ ಗಟ್ಟಿ. ಬೇಡ ಅನ್ನಿ. ಮುಂದೆ ಮಾತ್ರ ಎತ್ತರವಾದರೆ ಹಿಮ್ಮಡಿ ತಗ್ಗಿ ಮೀನಖಂಡ ಎಳೆಯುತ್ತದೆ. ತೆಳು ರಬ್ಬರ್ ಶೀಟನ್ನು ತುದಿಯಿಂದ ತುದಿಗೆ ಪೂರ್ತಿ ಹಾಕಿಸಿ. ಕಿರುಬೆರಳಿನ ಹತ್ತಿರ ಬಟ್ಟೆ ಹರಿದಿದ್ದರೆ ಹೊಲಿಸುವ ಗೋಜಿಗೆ ಹೋಗಬೇಡಿ. ಹೊಲಿಗೆ ತಾಗಿ ತಾಗಿ ಅಲ್ಲೇ ಬೊಕ್ಕೆ ಏಳುತ್ತದೆ.