ಪದ ಪರಿಚಯ: ಎಚ್‌ಎಸ್‌ಕೆ

ಚೈನೀಸ್ ಕಲಿಯುವ ಇಬ್ಬರು ಒಂದು ಕಡೆ ಸೇರಿದರೆ ಮಾತು ಬೇಗನೇ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ‘ನಿಂದು ಎಚ್‌ಎಸ್‌ಕೆ ಎಷ್ಟಾಯ್ತು?’ ಉತ್ತರ ಬರೀ ಒಂದು ಅಂಕಿ. ಮೂರು, ನಾಲ್ಕು, ಐದು. ಚೀನಾದಲ್ಲಿ ಕಾಲೇಜು ಸೀಟು, ಸ್ಕಾಲರ್‌ಶಿಪ್, ಕೆಲಸ, ಇಂಥ ಬಹಳಷ್ಟು ಅರ್ಜಿಗಳಲ್ಲಿ ಕೇಳುವುದು ಅದೇ ಅಂಕಿಯನ್ನು. ಆದರೆ ಆ ನಾಲ್ಕು ಯಾವ ಕಾಲದ ನಾಲ್ಕು, ಅದರಲ್ಲಿ ಏನನ್ನು ಅಳೆದರು, ಏನನ್ನು ಅಳೆಯದೆ ಬಿಟ್ಟರು ಅಂತ ಗೊತ್ತಿಲ್ಲದಿದ್ದರೆ, ಅಂಕಿಯನ್ನು ನೋಡಿ ಮನುಷ್ಯನಿಗೆ ಎಷ್ಟು ಚೈನೀಸ್ ಬರುತ್ತದೆ ಅಂತ ಹೇಳಲು ಆಗುವುದಿಲ್ಲ.

ಎಚ್‌ಎಸ್‌ಕೆಯ ಪೂರ್ತಿ ಹೆಸರು ಹಾನ್‌ಯು ಶುಯ್‌ಪಿಂಗ್ ಖಾವ್‌ಶಿ. ಹಾನ್‌ಯು ಅಂದರೆ ಚೀನೀ ಭಾಷೆ, ಶುಯ್‌ಪಿಂಗ್ ಅಂದರೆ ಮಟ್ಟ, ಖಾವ್‌ಶಿ ಅಂದರೆ ಪರೀಕ್ಷೆ. ಚೈನೀಸ್ ಮನೆಮಾತಲ್ಲದವರಿಗೆ ಚೀನಾ ಸರ್ಕಾರದ ಕಡೆಯಿಂದ ನಡೆಯುವ ಪರೀಕ್ಷೆ ಇದು. ಇಲ್ಲಿ ಚೈನೀಸ್ ಅಂದರೆ ಮ್ಯಾಂಡರಿನ್ ಮಾತ್ರ. ಹಾಂಗ್‌ಕಾಂಗ್, ಗ್ವಾಂಗ್‌ಜೋ ಕಡೆಯ ಕ್ಯಾಂಟನೀಸ್ ಇದರಲ್ಲಿ ಬರುವುದಿಲ್ಲ. ಲಿಪಿ ಕೂಡ ಚೀನಾದ ಒಳಗೆ ಬಳಸುವ ಸರಳಗೊಳಿಸಿದ ಲಿಪಿ.

ಪರೀಕ್ಷೆಯ ಕೆಲಸ ಶುರುವಾಗಿದ್ದು 1984ರಲ್ಲಿ, ಬೀಜಿಂಗ್ ಭಾಷಾ ಸಂಸ್ಥೆಯಲ್ಲಿ. ಈಗ ಅದು ಬೀಜಿಂಗ್ ಭಾಷೆ ಮತ್ತು ಸಂಸ್ಕೃತಿ ವಿಶ್ವವಿದ್ಯಾಲಯ. 1990ರಲ್ಲಿ ಚೀನಾದ ಒಳಗೆ, 1991ರಿಂದ ಹೊರದೇಶಗಳಲ್ಲೂ ಪರೀಕ್ಷೆ ನಡೆಯತೊಡಗಿತು. ಆ ಹಳೇ ಪದ್ಧತಿಯಲ್ಲಿ ಒಟ್ಟು 11 ಹಂತಗಳಾದವು. ಚೀನಾಕ್ಕೆ ಓದಲು ಬರುವ ವಿದೇಶಿ ವಿದ್ಯಾರ್ಥಿ ತರಗತಿಯಲ್ಲಿ ಕೂತು ಪಾಠ ಕೇಳಬಲ್ಲನೇ ಅಂತ ನೋಡುವುದು ಆಗಿನ ಮುಖ್ಯ ಗುರಿ. ಹಾಗಾಗಿ ಅದು ಹೊಸಬರಿಗೆ ಗಟ್ಟಿ ಪರೀಕ್ಷೆಯೇ ಆಗಿತ್ತು.

2004ರಲ್ಲಿ ದಕ್ಷಿಣ ಕೊರಿಯಾದ ಸೋಲ್ ನಗರದಲ್ಲಿ ಮೊದಲ ಕನ್ಫ್ಯೂಷಿಯಸ್ ಸಂಸ್ಥೆ ತೆರೆಯಿತು. ಹೊರದೇಶದವರಿಗೆ ಚೀನೀ ಭಾಷೆ, ಸಂಸ್ಕೃತಿ ಕಲಿಸಲು ಚೀನಾ ಶುರು ಮಾಡಿದ ಸಂಸ್ಥೆ ಇದು. ಅಲ್ಲಿಂದ ಮುಂದೆ ಪ್ರಪಂಚದ ಬೇರೆ ಬೇರೆ ಕಡೆ ಚೈನೀಸ್ ಕಲಿಯುವವರು ಹೆಚ್ಚಾದರು. ವಾರಕ್ಕೆ ಎರಡು ಸಂಜೆ ಕ್ಲಾಸಿಗೆ ಹೋಗುವವರು, ಶಾಲೆ ಮಕ್ಕಳು, ಆಫೀಸಿನವರು. ಇವರಿಗೆ ಹಳೇ ಪರೀಕ್ಷೆ ಕೈಗೆ ಎಟುಕುತ್ತಿರಲಿಲ್ಲ. ಅದಕ್ಕೆ 2010ರಿಂದ ಆರು ಹಂತಗಳ ಹೊಸ ಎಚ್‌ಎಸ್‌ಕೆ ಬಂತು. ಇವತ್ತು ಜನರ ಬಾಯಲ್ಲಿ ಇರುವ ಎಚ್‌ಎಸ್‌ಕೆ ಬಹುಪಾಲು ಇದೇ.

ಈ ಆರು ಹಂತಗಳ ಬೆನ್ನೆಲುಬು ಪದಗಳ ಪಟ್ಟಿ. ಮೊದಲ ಹಂತಕ್ಕೆ 150 ಪದ, ಎರಡಕ್ಕೆ 300, ಮೂರಕ್ಕೆ 600, ನಾಲ್ಕಕ್ಕೆ 1200, ಐದಕ್ಕೆ 2500, ಆರಕ್ಕೆ 5000. ಪ್ರತಿ ಹಂತದಲ್ಲೂ ಹೊರೆ ಸುಮಾರು ಎರಡರಷ್ಟಾಗುತ್ತದೆ. ಒಂದರಿಂದ ಎರಡಕ್ಕೆ ಹೋಗಲು 150 ಪದ ಸಾಕು, ಐದರಿಂದ ಆರಕ್ಕೆ ಹೋಗಲು 2500 ಬೇಕು. ಮೊದಲ ಮೂರು ಹಂತ ಬೇಗ ಬೇಗ ಮುಗಿಸಿದವರು ನಾಲ್ಕು, ಐದರ ಹತ್ತಿರ ವರ್ಷಗಟ್ಟಲೆ ನಿಂತುಬಿಡುವುದು ಇದಕ್ಕೇ. ಅದು ಅವರ ಸೋಮಾರಿತನ ಅಲ್ಲ.

ಪ್ರಶ್ನೆಪತ್ರಿಕೆ ಒಳಗೆ ಸ್ವಲ್ಪ ನೋಡೋಣ. ಮೊದಲ ಹಂತದಲ್ಲಿ 40 ಪ್ರಶ್ನೆ: 20 ಕೇಳಿ ಉತ್ತರಿಸುವುದು, 20 ಓದಿ ಉತ್ತರಿಸುವುದು. ಧ್ವನಿಯಲ್ಲಿ ಒಂದು ಮಾತು ಬರುತ್ತದೆ, ಮುಂದೆ ಒಂದು ಚಿತ್ರ ಇರುತ್ತದೆ. ಎರಡೂ ಹೊಂದಿದರೆ ಸರಿ ಗುರುತು, ಇಲ್ಲದಿದ್ದರೆ ತಪ್ಪು ಗುರುತು. ಪ್ರತಿ ಮಾತನ್ನೂ ಎರಡು ಸಲ ಕೇಳಿಸುತ್ತಾರೆ. ಒಟ್ಟು 200 ಅಂಕ, ಪಾಸಾಗಲು 120. ಮೊದಲ ಎರಡು ಹಂತದಲ್ಲಿ ಚೀನೀ ಅಕ್ಷರಗಳ ಜೊತೆ ಪಿನ್‌ಯಿನ್ ಕೂಡ ಅಚ್ಚಾಗಿರುತ್ತದೆ. ಪಿನ್‌ಯಿನ್ ಅಂದರೆ ಚೀನೀ ಉಚ್ಚಾರವನ್ನು ರೋಮನ್ ಅಕ್ಷರದಲ್ಲಿ ಬರೆಯುವ ಪದ್ಧತಿ, ಸ್ವರದ ಏರಿಳಿತದ ಗುರುತಿನ ಸಮೇತ.

ಮೂರನೇ ಹಂತಕ್ಕೆ ಬಂದ ಕೂಡಲೇ ಆ ಪಿನ್‌ಯಿನ್ ಮಾಯವಾಗುತ್ತದೆ. ನನ್ನ ಪ್ರಕಾರ ಇಡೀ ಪರೀಕ್ಷೆಯ ಅತಿ ದೊಡ್ಡ ಜಿಗಿತ ಇದೇ. ಅಲ್ಲಿವರೆಗೂ ಅಕ್ಷರದ ಕಡೆ ನೋಡದೆ ಪಿನ್‌ಯಿನ್ ಓದಿಕೊಂಡು ಬಂದವನಿಗೆ ಪುಟ ತುಂಬಾ ಗೊತ್ತಿಲ್ಲದ ಗೆರೆಗಳೇ ಕಾಣುತ್ತವೆ. ಪದ ಬಾಯಿಗೆ ಬರುತ್ತದೆ, ಕಿವಿಗೂ ಗೊತ್ತು, ಕಣ್ಣಿಗೆ ಮಾತ್ರ ಗೊತ್ತಿಲ್ಲ. ಹಾಗಾಗಿ ಶುರುವಿನಿಂದಲೇ ಪಿನ್‌ಯಿನ್ ಸಾಲನ್ನು ಕೈಯಿಂದ ಮುಚ್ಚಿ ಓದುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

ಬರವಣಿಗೆ ಸೇರುವುದೂ ಮೂರನೇ ಹಂತದಿಂದಲೇ. ಚದುರಿದ ಪದಗಳನ್ನು ಕೊಟ್ಟು ವಾಕ್ಯ ಜೋಡಿಸಿ ಅಂತಾರೆ. ‘ಬಾಗಿಲು’, ‘ದಯವಿಟ್ಟು’, ‘ಮುಚ್ಚು’ ಅನ್ನುವ ಪದಗಳ ಜೊತೆ ‘ಬಾ’ ಅನ್ನುವ ಒಂದು ಸಣ್ಣ ಪದ ಇದೆ ಅಂದುಕೊಳ್ಳಿ. ಸರಿಯಾದ ವಾಕ್ಯ ‘ಚಿಂಗ್ ಬಾ ಮನ್ ಗ್ವಾನ್‌ಶಾಂಗ್’, ಅಂದರೆ ‘ದಯವಿಟ್ಟು – ಬಾ – ಬಾಗಿಲು – ಮುಚ್ಚು’. ಚೈನೀಸ್‌ನಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಮೊದಲು, ಕರ್ಮ ಆಮೇಲೆ. ಈ ‘ಬಾ’ ಬಂದರೆ ಮಾತ್ರ ಕರ್ಮ ಮುಂದೆ ಬಂದು ಕ್ರಿಯಾಪದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಿಂದ ಚೈನೀಸ್ ಕಲಿಯುವವರಿಗೆ ಇದು ತಲೆನೋವು. ‘ದಯವಿಟ್ಟು ಬಾಗಿಲನ್ನು ಮುಚ್ಚಿ’ ಅಂತ ದಿನವೂ ಹೇಳುವ ನಮಗೆ ಈ ಸಾಲು ಅಷ್ಟು ಹೊಸದಲ್ಲ. ಕನ್ನಡದಲ್ಲಿ ‘ಅನ್ನು’ ಪದದ ಹಿಂದೆ ಅಂಟುತ್ತದೆ, ಅಲ್ಲಿ ‘ಬಾ’ ಮುಂದೆ ನಿಲ್ಲುತ್ತದೆ, ಅಷ್ಟೇ. ಚೈನೀಸನ್ನು ಇಂಗ್ಲಿಷ್ ಪುಸ್ತಕದಿಂದಲೇ ಕಲಿಯುವ ಕನ್ನಡದ ಮಕ್ಕಳಿಗೆ ಇದನ್ನು ಯಾರಾದರೂ ಹೇಳಿಕೊಡಬೇಕು.

ನಾಲ್ಕರಿಂದ ಮುಂದೆ ಧ್ವನಿ ಒಂದೇ ಸಲ. ಐದರಲ್ಲಿ ಐದು ಪದ ಕೊಟ್ಟು, ಎಲ್ಲವನ್ನೂ ಬಳಸಿ ಸುಮಾರು 80 ಅಕ್ಷರದ ಒಂದು ಪ್ಯಾರಾ ಬರೆಯಿರಿ ಅಂತಾರೆ. ಆರನೇ ಹಂತದ ಬರವಣಿಗೆ ಒಂದೇ ಪ್ರಶ್ನೆ, ಆದರೆ ತುಂಬಾ ಚೆನ್ನಾಗಿ ಯೋಚಿಸಿ ಮಾಡಿದ ಪ್ರಶ್ನೆ. ಸುಮಾರು 1000 ಅಕ್ಷರದ ಒಂದು ಕಥನ ಕೊಡುತ್ತಾರೆ. ಓದಲು 10 ನಿಮಿಷ. ಟಿಪ್ಪಣಿ ಮಾಡಿಕೊಳ್ಳುವಂತಿಲ್ಲ. ಆಮೇಲೆ ಆ ಹಾಳೆ ವಾಪಸ್ ತೆಗೆದುಕೊಳ್ಳುತ್ತಾರೆ. 35 ನಿಮಿಷದಲ್ಲಿ ಅದೇ ಕಥೆಯನ್ನು ಸುಮಾರು 400 ಅಕ್ಷರದಲ್ಲಿ ಬರೆಯಬೇಕು, ತಲೆಬರಹ ನಮ್ಮದೇ ಕೊಡಬೇಕು, ಸ್ವಂತ ಅಭಿಪ್ರಾಯ ಸೇರಿಸಬಾರದು. ಓದಿದ್ದು ಅರ್ಥವಾಗಿರಬೇಕು, ನೆನಪಿರಬೇಕು, ಯಾವುದು ಮುಖ್ಯ ಅಂತ ಆರಿಸಲು ಬರಬೇಕು, ಅದಕ್ಕೆ ಪದ ಸಿಗಬೇಕು. ಒಂದೇ ಪ್ರಶ್ನೆಯಲ್ಲಿ ಇಷ್ಟನ್ನೂ ನೋಡಿಬಿಡುತ್ತಾರೆ.

ಹೀಗೆ ಕೇಳುವುದು, ಓದುವುದು, ಬರೆಯುವುದು ಆಯಿತು. ಮಾತಾಡುವುದು ಎಲ್ಲಿ? ಈ ಆರು ಹಂತಗಳಲ್ಲಿ ಎಲ್ಲೂ ಇಲ್ಲ. ಅದಕ್ಕೆ ಬೇರೆಯದೇ ಪರೀಕ್ಷೆ: ಎಚ್‌ಎಸ್‌ಕೆಕೆ. ಅದರಲ್ಲಿ ಮೂರು ಹಂತ, 100ಕ್ಕೆ 60 ಬಂದರೆ ಪಾಸು. ಕೇಳಿದ್ದನ್ನು ತಿರುಗಿ ಹೇಳಬೇಕು, ಪ್ರಶ್ನೆಗೆ ಉತ್ತರ ಹೇಳಬೇಕು, ಉತ್ತರವನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಎದುರಿಗೆ ಕೂತು ಮಾತಾಡಿಸುವ ಮನುಷ್ಯ ಇರುವುದಿಲ್ಲ. ಅಂದರೆ ಒಬ್ಬರ ಎಚ್‌ಎಸ್‌ಕೆ ಐದು ಅಂತ ಇದ್ದರೂ ಅವರು ಚೈನೀಸ್‌ನಲ್ಲಿ ಸಲೀಸಾಗಿ ಮಾತಾಡಬಲ್ಲರು ಅಂತ ಆ ಸರ್ಟಿಫಿಕೇಟು ಹೇಳುವುದೇ ಇಲ್ಲ.

ಇದು ಸುಮ್ನೆ ವಾದಕ್ಕೆ ಹೇಳುವ ಮಾತಲ್ಲ. ಚೀನಾದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಎಂಬಿಬಿಎಸ್ ಓದುವ ಭಾರತೀಯ ಮಕ್ಕಳಿಗೆ ಇದು ನೇರವಾಗಿ ತಟ್ಟುತ್ತದೆ, ಅವರಲ್ಲಿ ಕರ್ನಾಟಕದವರೂ ಇದ್ದಾರೆ. ಪಾಠ ಇಂಗ್ಲಿಷ್‌ನಲ್ಲೇ ಇರಬಹುದು, ಆಸ್ಪತ್ರೆಯ ರೋಗಿ ಇಂಗ್ಲಿಷ್ ಮಾತಾಡುವುದಿಲ್ಲವಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬೀಜಿಂಗ್‌ನ ಭಾರತೀಯ ರಾಯಭಾರ ಕಚೇರಿ ಹೊರಡಿಸಿದ ಸೂಚನೆಯಲ್ಲಿ, ಎಚ್‌ಎಸ್‌ಕೆ ನಾಲ್ಕರ ಮಟ್ಟದ ಚೈನೀಸ್ ಬೇಕು, ಅದಿಲ್ಲದಿದ್ದರೆ ಪದವಿ ಸಿಗುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿತ್ತು. ಏಜೆಂಟರು ‘ಎಲ್ಲಾ ಇಂಗ್ಲಿಷ್‌ನಲ್ಲೇ’ ಅಂತ ಹೇಳಿ ಕಳಿಸಿದ ಮಕ್ಕಳಿಗೆ ಈ ವಿಷಯ ಅಲ್ಲಿಗೆ ಹೋದ ಮೇಲೆ ತಿಳಿಯಬಾರದು. ಮನೆಯವರು ಸೀಟು ಮಾಡಿಸುವ ಮುಂಚೆಯೇ ಇದನ್ನು ತಿಳಿದುಕೊಳ್ಳಬೇಕು.

ಅದರ ಜೊತೆಗೇ ಇನ್ನೊಂದನ್ನೂ ತಿಳಿದುಕೊಳ್ಳಬೇಕು. ನಾಲ್ಕನೇ ಹಂತದ 1200 ಪದಗಳು ಊಟ, ಪ್ರಯಾಣ, ಕೆಲಸ, ಹವಾಮಾನ, ಮನೆ ಮಂದಿಯ ಪದಗಳು. ‘ತಲೆಸುತ್ತು ಯಾವಾಗಿಂದ ಇದೆ?’ ಅಂತ ವಾರ್ಡಿನಲ್ಲಿ ಅಜ್ಜಿಯೊಬ್ಬರನ್ನು ಕೇಳಿ, ಅವರು ತಮ್ಮ ಊರಿನ ಧಾಟಿಯಲ್ಲಿ ಕೊಡುವ ಉತ್ತರ ಅರ್ಥ ಮಾಡಿಕೊಳ್ಳಲು ಆ ಪಟ್ಟಿ ಸಾಲದು. ಇದನ್ನು ಅರಿತೇ ವೈದ್ಯಕೀಯ ಚೈನೀಸ್‌ಗೆ ಎಂಸಿಟಿ ಅನ್ನುವ ಪ್ರತ್ಯೇಕ ಪರೀಕ್ಷೆ ಮಾಡಿದ್ದಾರೆ. ವ್ಯಾಪಾರದವರಿಗೆ ಬಿಸಿಟಿ, ಮಕ್ಕಳಿಗೆ ವೈಸಿಟಿ ಮೊದಲಿಂದಲೂ ಇವೆ.

ಅಂಕಿಯ ಬಗ್ಗೆ ದೊಡ್ಡ ಜಗಳ ನಡೆದದ್ದು ಯುರೋಪಿನಲ್ಲಿ. ಅಲ್ಲಿ ಎಲ್ಲ ಭಾಷೆಗೂ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲಿನ ಒಂದು ಅಳತೆ ಇದೆ. ಆಗ ಪರೀಕ್ಷೆ ನಡೆಸುತ್ತಿದ್ದ ಹಾನ್‌ಬಾನ್ ಅನ್ನುವ ಚೀನೀ ಸಂಸ್ಥೆ, ನಮ್ಮ ಆರೂ ಅದರ ಆರೂ ಸಮ ಅಂತ ಹೇಳಿತು. ಅಂದರೆ ಎಚ್‌ಎಸ್‌ಕೆ ಆರು ಪಾಸಾದವರು ಸಿ2, ಹೆಚ್ಚುಕಡಿಮೆ ಆ ಭಾಷೆಯಲ್ಲೇ ಬೆಳೆದವರ ಹಾಗೆ. ಜರ್ಮನಿಯ ಚೀನೀ ಭಾಷಾ ಶಿಕ್ಷಕರ ಸಂಘ ಇದನ್ನು ಒಪ್ಪಲಿಲ್ಲ, ಆ ಮಟ್ಟ ಬಿ2, ಅಂದರೆ ನಾಲ್ಕನೇ ಮೆಟ್ಟಿಲು, ದಾಟುವುದಿಲ್ಲ ಅಂತ ಹೇಳಿತು. ಶಿಕ್ಷಕರ ಮಾತೇ ಸರಿ ಅಂತ ನನಗೆ ಅನಿಸುತ್ತದೆ. 5000 ಪದ ಗೊತ್ತಿದ್ದರೆ ಪತ್ರಿಕೆ ಓದಲು ಹೊರಡಬಹುದು, ಸಿ2ಗೆ ಅದು ಸಾಲದು. ಸಿ2 ಅಂತ ನಂಬಿ ಚೀನಾದ ವಿಶ್ವವಿದ್ಯಾಲಯದ ಮೊದಲ ತರಗತಿಯಲ್ಲಿ ಕೂತ ವಿದ್ಯಾರ್ಥಿಗೆ ಪಾಠ ತಲೆಗೆ ಹೋಗದಿದ್ದಾಗ, ಅವನು ತನ್ನನ್ನೇ ದೂರಿಕೊಳ್ಳುತ್ತಾನೆ. ತಪ್ಪು ಇರುವುದು ಹೋಲಿಕೆಯ ಕೋಷ್ಟಕದಲ್ಲಿ.

ಚೀನಾ 2021ರಲ್ಲಿ ಹೊಸ ಮಾನದಂಡ ತಂದಿತು. ಆ ವರ್ಷದ ಜುಲೈ 1ರಿಂದ ಜಾರಿ. ಮೂರು ಮಟ್ಟ, ಒಂಬತ್ತು ಹಂತ. ಒಟ್ಟು 3000 ಅಕ್ಷರ, 11,092 ಪದ, 572 ವ್ಯಾಕರಣದ ಅಂಶಗಳು. ಮೊದಲ ಹಂತಕ್ಕೇ 500 ಪದ. ನಾಲ್ಕನೇ ಹಂತ ಮುಗಿಯುವಾಗ 3245. ಹಳೇ ನಾಲ್ಕರ 1200 ಎಲ್ಲಿ, ಇದು ಎಲ್ಲಿ! ಹಳೇ ಐದಕ್ಕಿಂತಲೂ ಇದು ಜಾಸ್ತಿ. ಅಂಕಿ ಒಂದೇ, ಕಲಿತದ್ದು ಬೇರೆ. ಹಾಗಂತ ಪರೀಕ್ಷೆ ಕೂಡಲೇ ಬದಲಾಗಲಿಲ್ಲ. 7ರಿಂದ 9ರ ಹೊಸ ಪರೀಕ್ಷೆ 2022ರ ನವೆಂಬರ್‌ನಲ್ಲಿ ಮೊದಲ ಸಲ ನಡೆಯಿತು, 1ರಿಂದ 6ರ ಪರೀಕ್ಷೆಗಳು ಆಮೇಲೂ ಹಳೇ ಪಟ್ಟಿಯ ಮೇಲೇ ನಡೆದವು. ಹಾಗಾಗಿ ‘ನಾಲ್ಕು’ ಅಂದಾಗ ಹಳೇದೋ ಹೊಸದೋ ಅಂತ ಕೇಳುವುದು ಅನಿವಾರ್ಯ.

7ರಿಂದ 9ಕ್ಕೆ ಮೂರು ಪರೀಕ್ಷೆ ಇಲ್ಲ, ಒಂದೇ. ಬಂದ ಅಂಕ ನೋಡಿ ಏಳೋ, ಎಂಟೋ, ಒಂಬತ್ತೋ ಅಂತ ತೀರ್ಮಾನ ಮಾಡುತ್ತಾರೆ. ಒಟ್ಟು 98 ಪ್ರಶ್ನೆ. ಅದರಲ್ಲಿ ಅನುವಾದ ಇದೆ, ಮಾತೂ ಇದೆ. ಅಂತೂ ಮೇಲಿನ ಹಂತದಲ್ಲಾದರೂ ಮಾತು ಪರೀಕ್ಷೆಯ ಒಳಗೇ ಬಂತು. ನನಗೆ ಇದು ಆ ಪಟ್ಟಿಯ ಎಲ್ಲ ಲೆಕ್ಕಕ್ಕಿಂತ ದೊಡ್ಡ ಬದಲಾವಣೆ.

ಹೊಸ ಮಾನದಂಡದ ಇನ್ನೊಂದು ಒಳ್ಳೆಯ ಅಂಶ ಕೈಬರಹದ ಬಗ್ಗೆ. ಗುರುತಿಸಬೇಕಾದ ಅಕ್ಷರ 3000, ಆದರೆ ಕೈಯಲ್ಲಿ ಬರೆಯಲು ಬರಬೇಕಾದದ್ದು 1200 ಮಾತ್ರ. ಚೀನೀ ಅಕ್ಷರವನ್ನು ನೋಡಿ ಗುರುತಿಸುವುದು ಒಂದು ಶಕ್ತಿ, ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯುವುದು ಬೇರೆಯೇ ಶಕ್ತಿ. ಕನ್ನಡದ ಹಾಗೆ ಉಚ್ಚಾರ ಗೊತ್ತಿದ್ದರೆ ಬರೆಯಬಹುದು ಅಂತ ಅಲ್ಲಿ ಇಲ್ಲ. ಕಂಪ್ಯೂಟರಿನಲ್ಲಿ ಬರೆಯುವ ಎಚ್‌ಎಸ್‌ಕೆಯಲ್ಲಿ ಪಿನ್‌ಯಿನ್ ಟೈಪ್ ಮಾಡಿದರೆ ಅಕ್ಷರಗಳ ಸಾಲು ಬರುತ್ತದೆ, ಸರಿಯಾದದ್ದನ್ನು ಆರಿಸಿದರೆ ಆಯಿತು. ಕಾಗದದ ಪರೀಕ್ಷೆಯಲ್ಲಿ ಪ್ರತಿ ಗೆರೆಯನ್ನೂ ಕೈಯಾರೆ ಎಳೆಯಬೇಕು. ಎರಡಕ್ಕೂ ಮಾನ್ಯತೆ ಒಂದೇ. ಬಹಳ ಜನ ಕಂಪ್ಯೂಟರನ್ನೇ ಆರಿಸಿಕೊಂಡರೆ ಅದರಲ್ಲಿ ಆಶ್ಚರ್ಯವಿಲ್ಲ, ಅಲ್ವಾ?

ಎಚ್‌ಎಸ್‌ಕೆ ಒಂದೇ ದಾರಿಯೂ ಅಲ್ಲ. ತೈವಾನಿಗೆ ತನ್ನದೇ ಪರೀಕ್ಷೆ ಇದೆ, ಅದರ ಹೆಸರು ಟಾಕ್‌ಫಲ್. ಅದು ಎ, ಬಿ, ಸಿ ಅನ್ನುವ ಬ್ಯಾಂಡ್‌ಗಳಲ್ಲಿ ನಡೆಯುತ್ತದೆ. ಕೇಳುವುದು 50, ಓದುವುದು 50 ಪ್ರಶ್ನೆ. ತೈವಾನಿನ ಹಳೇ ಸಾಂಪ್ರದಾಯಿಕ ಲಿಪಿಯಲ್ಲಿ ಬರೆಯಬಹುದು, ಸರಳ ಲಿಪಿಯನ್ನೂ ಆರಿಸಿಕೊಳ್ಳಬಹುದು. ತೈವಾನಿನಲ್ಲಿ ಓದುವ, ಕೆಲಸ ಮಾಡುವ ಆಸೆ ಇದ್ದವರಿಗೆ ಇದೇ ಸರಿ. ಇನ್ನು ಚೀನಾದವರು ತಮ್ಮ ಜನರಿಗೇ ನಡೆಸುವ ಪುಟೋಂಗ್‌ಹ್ವಾ ಪರೀಕ್ಷೆ ಬೇರೆ. ಅದು ಉಚ್ಚಾರದ ಪರೀಕ್ಷೆ. ಶಿಕ್ಷಕರು, ಟಿವಿ ವಾರ್ತೆ ಓದುವವರು ಅದನ್ನು ಬರೆಯಬೇಕು. ವಿದೇಶಿ ಕಲಿಕೆದಾರರಿಗೆ ಅದರ ಗೊಡವೆ ಇಲ್ಲ.

ಅರ್ಜಿ ಹಾಕಲು ಹೊರಟವರು ಮೊದಲು ತಾವು ಸೇರಬೇಕಾದ ಕಾಲೇಜಿನ ಪ್ರಕಟಣೆ ಓದಬೇಕು. ಎಷ್ಟನೇ ಹಂತ ಅಂತ ಮಾತ್ರ ಅಲ್ಲ, ಕನಿಷ್ಠ ಅಂಕ ಎಷ್ಟು, ಎಚ್‌ಎಸ್‌ಕೆಕೆ ಜೊತೆಗೆ ಬೇಕೇ ಅಂತಲೂ ನೋಡಬೇಕು. ಮೂರನೇ ಹಂತದಿಂದ ಒಟ್ಟು ಅಂಕ 300, ಅದರಲ್ಲಿ 180 ಬಂದರೆ ಪಾಸು ಅಂತ ಲೆಕ್ಕ. ಆದರೆ ಕೆಲವು ಕಡೆ 210, ಇನ್ನೂ ಕೆಲವು ಕಡೆ ಅದಕ್ಕಿಂತ ಹೆಚ್ಚು ಕೇಳುತ್ತಾರೆ. ಚೀನಾದ ವಿಶ್ವವಿದ್ಯಾಲಯಕ್ಕೆ ಸೇರಲು ಫಲಿತಾಂಶ ಎರಡು ವರ್ಷದವರೆಗೆ ಮಾತ್ರ ನಡೆಯುತ್ತದೆ. ಹಾಗಾಗಿ ಪಿಯುಸಿ ಮೊದಲ ವರ್ಷದಲ್ಲಿ ಬರೆದ ಪರೀಕ್ಷೆ, ಸೀಟು ಸಿಗುವ ಹೊತ್ತಿಗೆ ಹಳೇದಾಗಿರಬಹುದು. ನೋಂದಣಿ ಮಾಡುವಾಗ ಪಾಸ್‌ಪೋರ್ಟಿನಲ್ಲಿ ಇರುವ ಹೆಸರನ್ನೇ, ಅದೇ ಕಾಗುಣಿತದಲ್ಲಿ ಕೊಡಿ.